ಶೀತಲಗೃಹದ ಲಾಗಿನಲ್ಲಿ ಕಾಣಿಸಿಕೊಂಡ ಐದೂವರೆ ಗಂಟೆ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಉಡುಪಿ ಜಿಲ್ಲೆಯ ಕರಾವಳಿಯ ಒಂದು ಮೀನು ಸಂಸ್ಕರಣಾ ಘಟಕದಲ್ಲಿ, ಮಳೆಗಾಲದ ಒಂದು ರಾತ್ರಿ ಸುಮಾರು ಹತ್ತು ನಿಮಿಷ ಕರೆಂಟು ಇರಲಿಲ್ಲ. ಅಲ್ಲಿನ ಲಿನಕ್ಸ್ ಸರ್ವರಿನಲ್ಲಿ, ನಡೆದದ್ದನ್ನು ಸಮಯದೊಂದಿಗೆ ಬರೆದಿಡುವ ಲಾಗ್ ಕಡತಗಳಲ್ಲಿ ಮಾತ್ರ ಅದೇ ಅಡಚಣೆ ಐದೂವರೆ ಗಂಟೆಗೂ ಹೆಚ್ಚಿನದಾಗಿ ದಾಖಲಾಗಿತ್ತು. ಆ ದಾಖಲೆಯನ್ನು ನಂಬಿದ್ದರಿಂದ ರಾತ್ರಿ ಪಾಳಿಯ ಜನರೇಟರ್ ಆಪರೇಟರ್ ಸುಳ್ಳು ಬರೆದಿದ್ದಾರೆಂಬ ಆರೋಪ ಬಂತು, ಮತ್ತು ರಫ್ತಿಗೆ ಸಿದ್ಧವಾಗಿದ್ದ ಸರಕನ್ನು ಖರೀದಿದಾರರ ಕಡೆಯವರು ತಡೆಹಿಡಿದರು. ಘಟಕದ ಮತ್ತು ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ತಾಂತ್ರಿಕ ಸಂಗತಿಗಳನ್ನು ಇದ್ದಂತೆಯೇ ಇಟ್ಟು ಈ ಪ್ರಕರಣವನ್ನು ಇಲ್ಲಿ ಬರೆಯಲಾಗಿದೆ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ದಡದಲ್ಲಿರುವ ಈ ಎರಡು ತಿಂಗಳು ಇಂಥ ಘಟಕಗಳ ವ್ಯವಹಾರ ನಡೆಯುವುದು ಮೇ ತಿಂಗಳೊಳಗೆ ಹೆಪ್ಪುಗಟ್ಟಿಸಿ ಇಟ್ಟ ಬೊಂಡಾಸ್ (ಸ್ಕ್ವಿಡ್), ಪಾಂಬೋಲ್ (ರಿಬ್ಬನ್ ಮೀನು) ಮುಂತಾದ ದಾಸ್ತಾನಿನ ಮೇಲೆ. ದಾಸ್ತಾನು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿನ ಉಷ್ಣತೆಯಲ್ಲಿ ಒಂದೇ ಸಮನೆ ಇತ್ತೆಂದು ತೋರಿಸುವ ದಾಖಲೆ ಸರಕಿನಷ್ಟೇ ಮುಖ್ಯ. ದಾಖಲೆಯಲ್ಲಿ ಒಂದು ಅಂತರ ಕಂಡರೂ ಖರೀದಿದಾರರು ಪ್ರಶ್ನೆ ಕೇಳುತ್ತಾರೆ, ಕೇಳಬೇಕಾದದ್ದೂ ನ್ಯಾಯವೇ.

ಈ ಘಟಕದಲ್ಲಿ ಆ ದಾಖಲೆಯನ್ನು ಇಡುತ್ತಿದ್ದದ್ದು ಉಬುಂಟು ಎಂಬ ಲಿನಕ್ಸ್ ನಡೆಯುವ ಒಂದು ಸಣ್ಣ ಸರ್ವರ್. ಶೀತಲಗೃಹದ ಸೆನ್ಸರುಗಳಿಂದ ಬರುವ ಉಷ್ಣತೆಯನ್ನು ಡಾಕರ್ ಕಂಟೇನರಿನೊಳಗಿನ (ತನ್ನದೇ ಹೊಂದಿಕೆಗಳಿರುವ ಪ್ರತ್ಯೇಕ ಆವರಣದೊಳಗಿನ) ಒಂದು ಪ್ರೋಗ್ರಾಂ ಓದಿ ಸಿಎಸ್‌ವಿ ಎಂಬ ಸರಳ ಪಟ್ಟಿ ಕಡತಕ್ಕೆ ಬರೆಯುತ್ತಿತ್ತು. ಯುಪಿಎಸ್‌ನ ಸ್ಥಿತಿ, ಎಚ್ಚರಿಕೆಗಳು ಮತ್ತು ಉಳಿದ ಸಂಗತಿಗಳು ಸಿಸ್‌ಲಾಗಿಗೆ, ಅಂದರೆ ಯಂತ್ರದ ಸಾಮಾನ್ಯ ಲಾಗ್ ಕಡತಕ್ಕೆ, ಹೋಗುತ್ತಿದ್ದವು. ಪ್ರತಿ ಗಂಟೆಗೊಮ್ಮೆ ಒಂದು ಸಂಕ್ಷಿಪ್ತ ವರದಿ ಇಮೇಲ್ ಮೂಲಕ ಕಚೇರಿಯ ಖಾತೆಗೆ ಹೋಗುತ್ತಿತ್ತು. ಆ ಇಮೇಲನ್ನು ಯಾರೂ ಓದುತ್ತಿರಲಿಲ್ಲ, ಅಳಿಸುತ್ತಲೂ ಇರಲಿಲ್ಲ. ಅಳಿಸದೆ ಇದ್ದದ್ದೇ ಕೊನೆಗೆ ಉಪಯೋಗಕ್ಕೆ ಬಂತು.

ಸಮಸ್ಯೆ ಎದ್ದ ಬಗೆ

ಜುಲೈ ಮೊದಲ ವಾರದ ಒಂದು ರಾತ್ರಿಯ ಬಗ್ಗೆ ಜನರೇಟರ್ ರಿಜಿಸ್ಟರಿನಲ್ಲಿ ಮೂರು ಸಾಲುಗಳಿದ್ದವು: 1:45ಕ್ಕೆ ಕರೆಂಟು ಹೋಯಿತು, 1:55ಕ್ಕೆ ಜನರೇಟರ್ ಚಾಲೂ, 7:15ಕ್ಕೆ ಕರೆಂಟು ಬಂತು. ಮೊದಲ ಸೆಲ್ಫ್‌ಗೆ ಎಂಜಿನ್ ಹಿಡಿಯಲಿಲ್ಲವಾದ್ದರಿಂದ ಹತ್ತು ನಿಮಿಷ ತಡವಾಯಿತೆಂಬುದು ಆಪರೇಟರರ ವಿವರಣೆ. ಯುಪಿಎಸ್‌ನ ಬ್ಯಾಟರಿ ಹಳತಾಗಿದ್ದರಿಂದ ಸರ್ವರ್ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ತಾಳದೆ ಆರಿಹೋಯಿತು.

ಸರಕಿನ ತಪಾಸಣೆಗೆ ಬಂದವರು ಸಿಸ್‌ಲಾಗ್ ತೆರೆದಾಗ ಆ ರಾತ್ರಿಯ ಕೊನೆಯ ಸಾಲಿನ ಸಮಯ 01:49:40 ಎಂದೂ, ಸರ್ವರ್ ಮತ್ತೆ ಚಾಲೂ ಆದ ಮೊದಲ ಸಾಲಿನ ಸಮಯ 07:23:50 ಎಂದೂ ಇತ್ತು. ನಡುವೆ 5 ಗಂಟೆ 34 ನಿಮಿಷ ಏನೂ ಇಲ್ಲ. ಕರೆಂಟು ವಾಪಸು ಬಂದದ್ದು 7:15ರ ಹೊತ್ತಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಓದುವವರಿಗೆ ಕಥೆ ತಾನಾಗಿಯೇ ಹೊಂದಿಕೊಂಡಿತು: ರಾತ್ರಿಯಿಡೀ ಜನರೇಟರ್ ಹಾಕಲೇ ಇಲ್ಲ, ಬೆಳಿಗ್ಗೆ ಕರೆಂಟು ಬಂದ ಮೇಲೆ ಸರ್ವರ್ ಎದ್ದಿತು, ರಿಜಿಸ್ಟರನ್ನು ಆಮೇಲೆ ತುಂಬಿಸಲಾಯಿತು, ಉಳಿದ ಡೀಸೆಲ್ ಎಲ್ಲಿಗೋ ಹೋಯಿತು. ಕಾಕತಾಳೀಯವೊಂದು ತಪ್ಪು ದಾಖಲೆಗೆ ಇಷ್ಟು ಚೆನ್ನಾಗಿ ಸಾಕ್ಷಿ ನುಡಿಯುವುದು ಅಪರೂಪ.

ಜನರೇಟರಿನ ಗಂಟೆಮೀಟರ್ ಐದು ಗಂಟೆಗೂ ಮಿಕ್ಕಿದ ಓಟವನ್ನು ತೋರಿಸುತ್ತಿತ್ತು. ಆದರೆ ಹಿಂದಿನ ದಿನದ ಮೀಟರ್ ಓದನ್ನು ಬರೆದಿದ್ದವರೂ ಅದೇ ಆಪರೇಟರ್ ಆದ್ದರಿಂದ ಅದನ್ನು ಯಾರೂ ಒಪ್ಪಲಿಲ್ಲ. “ನಾನು ಬರೆದದ್ದು ಗೋಡೆ ಗಡಿಯಾರ ನೋಡಿ ಸರ್, ಕಂಪ್ಯೂಟರ್ ನೋಡಿ ಅಲ್ಲ” ಎಂದು ಅವರು ಹೇಳಿದ್ದನ್ನು ಮೇಲ್ವಿಚಾರಕರು ನೆಪವೆಂದು ತಳ್ಳಿಹಾಕಿದ್ದರು. ಉಷ್ಣತೆಯ ಅಂಕಿಗಳನ್ನು ಮುಂದಿಟ್ಟು ವಾದಿಸುವ ಪ್ರಯತ್ನವೂ ನಡೆಯಿತು. ಅಡಚಣೆಗೆ ಮುಂಚೆ ಮೈನಸ್ 20.3 ಡಿಗ್ರಿ, ನಂತರದ ಮೊದಲ ಓದು ಮೈನಸ್ 19.1, ಐದೂವರೆ ಗಂಟೆ ಯಂತ್ರ ನಿಂತಿದ್ದರೆ ಇನ್ನೂ ಹೆಚ್ಚು ಏರಬೇಕಿತ್ತಲ್ಲವೇ ಎಂಬುದು ಆ ವಾದ. ಆಮೇಲೆ ಸರ್ವರನ್ನು ನೋಡಲು ಹೋದ ನನಗೆ ಅದು ದುರ್ಬಲವೆಂದು ತೋರಿತು. ತುಂಬಿದ, ಬಾಗಿಲು ಮುಚ್ಚಿದ, ಚೆನ್ನಾಗಿ ಹೊದಿಸಿದ ಶೀತಲಗೃಹವೊಂದು ಎಷ್ಟು ನಿಧಾನವಾಗಿ ಬಿಸಿಯಾಗುತ್ತದೆಂಬುದನ್ನು ಅಳೆದು ನೋಡದೆ ಆ ಅಂತರದಿಂದ ಗಂಟೆಗಳನ್ನು ಲೆಕ್ಕಹಾಕುವಂತಿಲ್ಲ. ತಪಾಸಣೆಯವರೂ ಅದನ್ನೇ ಹೇಳಿದರು.

ಇಬ್ಬರು ಓದುಗರು, ಒಂದೇ ಕಡತ

ನಾನು ಮಂಗಳೂರಿನಿಂದ ಹೋಗಿ ನೋಡುವ ಹೊತ್ತಿಗೆ ಘಟಕದೊಳಗೆ ಎರಡು ಪಕ್ಷಗಳಾಗಿದ್ದವು. ಯಜಮಾನರ ಮಗ ಸಿಎಸ್‌ವಿ ಕಡತವನ್ನು ನೇರವಾಗಿ ತೆರೆದು, ಅಡಚಣೆಯ ನಂತರದ ಮೊದಲ ಸಾಲಿನಲ್ಲಿ 01:54:20 ಎಂದಿರುವುದನ್ನು ತೋರಿಸಿ, ರಿಜಿಸ್ಟರಿಗೂ ಇದಕ್ಕೂ ತಾಳೆಯಾಗುತ್ತದೆ, ಸಿಸ್‌ಲಾಗ್ ಮಾತ್ರ ಕೆಟ್ಟಿದೆ ಎಂದು ವಾದಿಸುತ್ತಿದ್ದರು. ಗುಣಮಟ್ಟ ವಿಭಾಗದ ಸಹಾಯಕಿ ಅದೇ ಕಡತದ ಸಮಯಕ್ಕೆ ಪ್ರತಿ ಬಾರಿಯಂತೆ ಐದೂವರೆ ಗಂಟೆ ಕೂಡಿಸಿ 07:24:20 ಎಂದು ಓದಿ, ಸಿಸ್‌ಲಾಗಿಗೂ ಇದಕ್ಕೂ ತಾಳೆಯಾಗುತ್ತದೆ ಎನ್ನುತ್ತಿದ್ದರು. ಕಂಟೇನರಿನೊಳಗೆ ಸಮಯವಲಯ ಹೊಂದಿಸಿರದಿದ್ದರೆ ಪ್ರೋಗ್ರಾಂ ಯುಟಿಸಿಯಲ್ಲೇ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯದಲ್ಲೇ) ಬರೆಯುತ್ತದೆಂಬುದು ಆಕೆಗೆ ಕೆಲಸ ಮಾಡುತ್ತಲೇ ತಿಳಿದಿತ್ತು. ಅದಕ್ಕಾಗಿ ಸ್ಪ್ರೆಡ್‌ಶೀಟಿನಲ್ಲಿ ಒಂದು ಸೂತ್ರವನ್ನೂ ಇಟ್ಟುಕೊಂಡಿದ್ದರು.

ಓದುವ ಕ್ರಮದಲ್ಲಿ ಸಹಾಯಕಿಯೇ ಸರಿ. ಆದರೂ ಅವರು ಮುಟ್ಟಿದ ತೀರ್ಮಾನ ತಪ್ಪು. ಯಜಮಾನರ ಮಗನ ತೀರ್ಮಾನ ಸರಿ, ಆದರೆ ಅವರು ಕೊಟ್ಟ ಕಾರಣ ತಪ್ಪು. ಸಿಎಸ್‌ವಿಯಲ್ಲಿ ಅಡಚಣೆಗೆ ಮುಂಚಿನ ಕೊನೆಯ ಸಾಲು ಹಿಂದಿನ ದಿನಾಂಕದ 20:19ರ ಹೊತ್ತಿನದಾಗಿತ್ತು. ಅಂದರೆ ಅಲ್ಲಿಯೂ ಅಂತರ ಐದೂವರೆ ಗಂಟೆಯೇ. ಅಡಚಣೆಯ ನಂತರ ಸರ್ವರಿನ ಗಡಿಯಾರ ಐದೂವರೆ ಗಂಟೆ ಮುಂದೆ ಓಡಿತ್ತು, ಕಂಟೇನರ್ ಅದರಿಂದ ಐದೂವರೆ ಗಂಟೆ ಕಳೆದು ಬರೆಯಿತು. ಎರಡು ದೋಷಗಳು ಒಂದನ್ನೊಂದು ಅಳಿಸಿ ಹಾಕಿ, ನೋಡಲು ಸರಿಯಾದ ಸಮಯ ಉಳಿಯಿತು. ಸರಿಯಾಗಿ ಕಾಣುವ ಈ ಅಂಕಿಯನ್ನು ಹಿಡಿದುಕೊಂಡು ತಪಾಸಣೆಯವರ ಮುಂದೆ ಹೋಗಿದ್ದರೆ, ಮೊದಲ ಪ್ರಶ್ನೆಗೇ ಅದು ಬಿದ್ದುಹೋಗುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸಿಸ್‌ಲಾಗ್ ಮತ್ತು ಸಿಎಸ್‌ವಿ ಎಂಬ ಎರಡು ಕಡತಗಳು ಒಂದೇ ಅಂತರವನ್ನು ತೋರಿಸುತ್ತಿವೆಯಾದ್ದರಿಂದ ಅದು ನಿಜವಿರಬೇಕು ಎಂದು ತಪಾಸಣೆಯ ಟಿಪ್ಪಣಿಯಲ್ಲಿ ಬರೆದಿತ್ತು. ಎರಡೂ ಸಮಯ ಕೇಳಿದ್ದು ಒಂದೇ ಯಂತ್ರದ ಒಂದೇ ಗಡಿಯಾರವನ್ನು. ಎರಡನೆಯ ಕಡತ ಎರಡನೆಯ ಸಾಕ್ಷಿಯಾಗುವುದು ಅದಕ್ಕೆ ಬೇರೆ ಗಡಿಯಾರವಿದ್ದಾಗ ಮಾತ್ರ. ಈ ಮಾತನ್ನು ಒಪ್ಪಿಸಲು ನನಗೆ ತಾಂತ್ರಿಕ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಮೊದಲ ನಿರ್ಧಾರ: ಮುಟ್ಟದೆ ಇರುವುದು

ಯಜಮಾನರಿಗೆ ಗಡಿಯಾರವನ್ನು ಕೂಡಲೇ ಸರಿಪಡಿಸಬೇಕೆಂಬ ಆತುರವಿತ್ತು. ನಾನು ಸ್ವಲ್ಪ ಕಾಯಲು ಕೇಳಿಕೊಂಡೆ. ತಪ್ಪಾಗಿ ಓಡುತ್ತಿರುವ ಗಡಿಯಾರ ಎಷ್ಟು ತಪ್ಪಿದೆ ಎಂಬುದೇ ನಮ್ಮಲ್ಲಿದ್ದ ಮುಖ್ಯ ಪುರಾವೆ. ಸರಿಪಡಿಸಿದ ಕ್ಷಣವೇ ಅದು ಹೋಗಿಬಿಡುತ್ತದೆ. ಆದ್ದರಿಂದ ಮೊದಲು ಲಾಗ್ ಕಡತಗಳನ್ನೂ, ಲಿನಕ್ಸ್ ಬೇರೆಯಾಗಿ ಇಡುವ ಜರ್ನಲ್ ಎಂಬ ಲಾಗಿನ ಕಡತಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಕಡತ ಆಮೇಲೆ ಬದಲಾಗಿಲ್ಲವೆಂದು ತೋರಿಸಲು ಪ್ರತಿಯೊಂದರ ಎಸ್‌ಎಚ್‌ಎ-256 ಮೊತ್ತವನ್ನು ತೆಗೆದು, ತಪಾಸಣೆಯವರಿಗೂ ಒಂದು ಪ್ರತಿ ಕೊಡಲಾಯಿತು. ಆಮೇಲೆ ಗಡಿಯಾರಗಳ ಸ್ಥಿತಿ ತೋರಿಸುವ ಟೈಮ್‌ಡೇಟ್‌ಸಿಟಿಎಲ್ ಆದೇಶದ ಉತ್ತರವನ್ನು, ಪಕ್ಕದಲ್ಲಿ ಮೊಬೈಲಿನ ಗಡಿಯಾರ ಕಾಣುವಂತೆ ಚಿತ್ರ ತೆಗೆದಿಡಲಾಯಿತು.

ಆ ಉತ್ತರದಲ್ಲಿ ಮೂರು ಸಮಯಗಳಿರುತ್ತವೆ: ಸ್ಥಳೀಯ ಸಮಯ, ಯುಟಿಸಿ, ಮತ್ತು ಮದರ್‌ಬೋರ್ಡಿನ ಗಡಿಯಾರವಾದ ಆರ್‌ಟಿಸಿ. ಲಿನಕ್ಸ್ ಸಾಮಾನ್ಯವಾಗಿ ಆರ್‌ಟಿಸಿಯನ್ನು ಯುಟಿಸಿಯಲ್ಲಿ ಇಡುತ್ತದೆ. ಹಾಗಾಗಿ ಎರಡನೆಯದೂ ಮೂರನೆಯದೂ ಒಂದೇ ಆಗಿರಬೇಕು. ಇಲ್ಲಿ ಸ್ಥಳೀಯ ಸಮಯ 15:42 (ಅಷ್ಟರಲ್ಲಿ ಕಚೇರಿಯವರು ಅದನ್ನು ಕೈಯಾರೆ ತಿದ್ದಿದ್ದರು), ಯುಟಿಸಿ 10:12, ಆರ್‌ಟಿಸಿ 15:39 ಎಂದಿತ್ತು. ಆರ್‌ಟಿಸಿಯನ್ನು ಸ್ಥಳೀಯ ಸಮಯವೆಂದು ತಿಳಿಯಬೇಕೇ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದಿತ್ತು. ಸಮಯವಲಯ ಏಷ್ಯಾ/ಕೋಲ್ಕತಾ, ಅದರಲ್ಲಿ ದೋಷವಿರಲಿಲ್ಲ. ವಲಯವನ್ನು ಬದಲಿಸಿ ನೋಡೋಣವೆಂಬ ಸಲಹೆ ಅದಕ್ಕೆ ಮುಂಚೆ ಬಂದಿತ್ತು. ಅಡಚಣೆಗೆ ಮುಂಚಿನ ಸಾಲುಗಳ ಸಮಯ ಹೆಚ್ಚುಕಡಿಮೆ ಸರಿಯಿರುವಾಗ, ನಂತರದ ಸಾಲುಗಳು ಮಾತ್ರ ತಪ್ಪಿರುವಾಗ, ನಡುವೆ ಬದಲಾಗದ ವಲಯವನ್ನು ದೂರುವುದರಲ್ಲಿ ಅರ್ಥವಿರಲಿಲ್ಲ.

ಆರ್‌ಟಿಸಿ ಹೀಗಾದದ್ದು ಹೇಗೆಂಬುದನ್ನು ಮಾರ್ಚ್ ಕೊನೆಯ ಲಾಗುಗಳು ಹೇಳಿದವು. ಆಗ ಆರ್‌ಟಿಸಿಯನ್ನು ಓಡಿಸುವ ಸಿಮೋಸ್ ಬ್ಯಾಟರಿ, ಅಂದರೆ ನಾಣ್ಯದಂಥ ಸಿಆರ್2032 ಸೆಲ್, ಬದಲಾಗಿತ್ತು. ಬದಲಿಸಿದ ತಂತ್ರಜ್ಞರು ಯಂತ್ರದ ಮೂಲ ಹೊಂದಿಕೆಗಳ ಬಯೋಸ್ ಪರದೆಯಲ್ಲಿ ಕೈಗಡಿಯಾರ ನೋಡಿ ಸಮಯ ಹಾಕಿದರು. ವಿಂಡೋಸ್ ಯಂತ್ರಗಳಲ್ಲಿ ಅದೇ ವಾಡಿಕೆ, ಅಲ್ಲಿ ಅದೇ ಸರಿ. ಲಿನಕ್ಸ್ ಆ ಅಂಕಿಯನ್ನು ಯುಟಿಸಿ ಎಂದು ಓದಿ, ಅದಕ್ಕೆ ಐದೂವರೆ ಗಂಟೆ ಕೂಡಿಸಿ ಎದ್ದಿತು. ಸಮಯ ಮುಂದಿರುವುದನ್ನು ಯಾರೋ ಗಮನಿಸಿ ಡೇಟ್ ಆದೇಶದಿಂದ ಕೈಯಾರೆ ಸರಿ ಮಾಡಿದರು. ಆ ಆದೇಶ ಓಡುತ್ತಿರುವ ವ್ಯವಸ್ಥೆಯ ಗಡಿಯಾರವನ್ನು ಮಾತ್ರ ಬದಲಿಸುತ್ತದೆ, ಆರ್‌ಟಿಸಿಯನ್ನು ಮುಟ್ಟುವುದಿಲ್ಲ. ಅಲ್ಲಿಂದ ಜುಲೈವರೆಗೆ ಸರ್ವರ್ ಒಮ್ಮೆಯೂ ಮರುಚಾಲನೆಯಾಗಿರಲಿಲ್ಲ. ಜುಲೈಯ ಆ ರಾತ್ರಿ ಅದು ಆರಿ ಎದ್ದಾಗ ಮತ್ತೆ ಆರ್‌ಟಿಸಿಯನ್ನೇ ಕೇಳಿತು, ಆರ್‌ಟಿಸಿ ಅದೇ ಉತ್ತರ ಕೊಟ್ಟಿತು.

ಜಾಲದ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಕೆಲಸ ಮಾಡುತ್ತಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಹಾಗೆ ಸಮಯ ಹೊಂದಿಕೊಂಡಿರುವಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ ಸುಮಾರು 11 ನಿಮಿಷಕ್ಕೊಮ್ಮೆ ಆರ್‌ಟಿಸಿಯನ್ನೂ ತಾನಾಗಿ ತಿದ್ದುತ್ತದೆ. ಇಲ್ಲಿ ಎನ್‌ಟಿಪಿಯ ಕೆಲಸ ಮಾಡುವ ಕ್ರೋನಿ ಸೇವೆ ಚಾಲೂ ಇತ್ತು, ಟೈಮ್‌ಡೇಟ್‌ಸಿಟಿಎಲ್ ಕೂಡ ಎನ್‌ಟಿಪಿ ಸೇವೆ ಸಕ್ರಿಯವೆಂದೇ ಹೇಳುತ್ತಿತ್ತು, ಮತ್ತು ನೋಡಿದವರೆಲ್ಲ ಅಲ್ಲಿಗೆ ತೃಪ್ತರಾಗಿದ್ದರು. ಅದಕ್ಕೆ ಹೊಂದಿಕೊಂಡೇ ಇರುವ ಸಾಲು, ಗಡಿಯಾರ ಹೊಂದಿಕೊಂಡಿಲ್ಲ ಎನ್ನುತ್ತಿತ್ತು. ಸೇವೆ ಓಡುವುದು ಬೇರೆ, ಗಡಿಯಾರ ಹೊಂದಿಕೊಳ್ಳುವುದು ಬೇರೆ. ಕ್ರೋನಿಯ ಮೂಲಗಳ ಪಟ್ಟಿಯಲ್ಲಿ ‘ರೀಚ್’ ಎಂಬ ಅಂಕಣ ಎಲ್ಲ ಸರ್ವರುಗಳಿಗೂ ಸೊನ್ನೆಯಾಗಿತ್ತು, ಅಂದರೆ ಯಾವುದರಿಂದಲೂ ಉತ್ತರ ಬರುತ್ತಿರಲಿಲ್ಲ. ಹಿಂದಿನ ವರ್ಷ ಹಾಕಿದ ಹೊಸ ರೂಟರಿನ ಫೈರ್‌ವಾಲ್ ವೆಬ್ ಮತ್ತು ಇಮೇಲ್ ಬಿಟ್ಟು ಉಳಿದೆಲ್ಲವನ್ನೂ ತಡೆಯುತ್ತಿತ್ತು. ಎನ್‌ಟಿಪಿ ಬಳಸುವ ಯುಡಿಪಿ 123ನೇ ಪೋರ್ಟ್ ಕೂಡ ಅದರಲ್ಲಿ ಸೇರಿತ್ತು.

ಉಳಿದ ನಿಮಿಷಗಳ ಲೆಕ್ಕ

ಕಾರಣ ಗೊತ್ತಾದರೆ ಎಂಜಿನಿಯರರಿಗೆ ಸಾಕು, ತಪಾಸಣೆಯವರಿಗೆ ಸಾಲದು. ‘ಗಡಿಯಾರ ಐದೂವರೆ ಗಂಟೆ ಮುಂದಿತ್ತು’ ಎಂದರೆ 5 ಗಂಟೆ 34 ನಿಮಿಷದಿಂದ ಐದೂವರೆ ಗಂಟೆ ಕಳೆದು ನಾಲ್ಕು ನಿಮಿಷ ಉಳಿಯುತ್ತದೆ, ರಿಜಿಸ್ಟರ್ ಹತ್ತು ನಿಮಿಷ ಎನ್ನುತ್ತದೆ, ಮತ್ತೆ ತಾಳೆಯಿಲ್ಲ. ಆ ನಿಮಿಷಗಳನ್ನು ವಿವರಿಸದೆ ಹೋದರೆ ಇಡೀ ವಿವರಣೆಯೇ ಅನುಕೂಲಕ್ಕೆ ಕಟ್ಟಿದ್ದೆಂಬ ಅನುಮಾನ ಬರುತ್ತದೆ.

ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ ನಮ್ಮಲ್ಲಿ ವಲಯದ ಗೊಂದಲಗಳು ಬೇಗ ಗುರುತು ಸಿಗುತ್ತವೆ. ತಪ್ಪಿನಲ್ಲಿ ಅರ್ಧ ಗಂಟೆಯ ಬಾಲ ಇದ್ದರೆ ಅನುಮಾನ ನೇರವಾಗಿ ಅಲ್ಲಿಗೆ ಹೋಗಬಹುದು. (ಆ ಅರ್ಧ ಗಂಟೆ ಬಂದದ್ದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. 75 ಡಿಗ್ರಿಗೂ ಸ್ವಲ್ಪ ಪಶ್ಚಿಮಕ್ಕಿರುವ ನಮ್ಮ ಕರಾವಳಿಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಹನ್ನೆರಡೂವರೆಯ ಆಸುಪಾಸು ಆಗಿರುತ್ತದೆ.) ವಲಯದ ತಪ್ಪು ಸೆಕೆಂಡಿನ ಲೆಕ್ಕಕ್ಕೂ ದುಂಡಗಿರುತ್ತದೆ. ದುಂಡಗಿಲ್ಲದ ಉಳಿಕೆಯೇನಾದರೂ ಇದ್ದರೆ ಅದು ಗಡಿಯಾರದ ಜಾರುವಿಕೆ. ಆರ್‌ಟಿಸಿಯ ಸ್ಫಟಿಕ ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪಿದರೆ ದಿನಕ್ಕೆ 1.7 ಸೆಕೆಂಡು, ಮೂರು ತಿಂಗಳಿಗೆ ಎರಡೂವರೆ ನಿಮಿಷ ಆಗುತ್ತದೆ. ಓಡುತ್ತಿರುವ ವ್ಯವಸ್ಥೆಯ ಗಡಿಯಾರವೂ ಬೇರೆ ವೇಗದಲ್ಲಿ ಜಾರುತ್ತಿರುತ್ತದೆ. ಆದ್ದರಿಂದ ಅಡಚಣೆಯ ಮುಂಚೆ ಒಂದು ತಪ್ಪು, ನಂತರ ಇನ್ನೊಂದು ತಪ್ಪು. ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕಿತ್ತು.

ಅಳತೆಗೆ ಹೊರಗಿನ ಗಡಿಯಾರ ಬೇಕು. ಅದು ಸಿಕ್ಕಿದ್ದು ಯಾರೂ ಓದದ ಆ ಗಂಟೆಗೊಂದು ಇಮೇಲಿನಲ್ಲಿ. ಇಮೇಲಿನ ತಲೆಸಾಲುಗಳಲ್ಲಿ ದಿನಾಂಕದ ಸಾಲನ್ನು ಬರೆಯುವುದು ಕಳುಹಿಸುವ ಯಂತ್ರ, ತನ್ನ ಗಡಿಯಾರದಂತೆ. ಸ್ವೀಕರಿಸಿದ ಸಾಲನ್ನು ಬರೆಯುವುದು ಪಡೆಯುವ ಮೇಲ್ ಸರ್ವರ್, ತನ್ನ ಗಡಿಯಾರದಂತೆ. ದೊಡ್ಡ ಮೇಲ್ ಸೇವೆಗಳ ಗಡಿಯಾರವನ್ನು ಇಂಥ ಕೆಲಸಕ್ಕೆ ನಂಬಬಹುದು. ಅಡಚಣೆಗೆ ಮುಂಚಿನ ಕೊನೆಯ ವರದಿಯಲ್ಲಿ ಕಳುಹಿಸಿದ ಸಮಯ 01:00:02, ಸ್ವೀಕರಿಸಿದ ಸಮಯ 00:57:52. ಸರ್ವರ್ ಆಗ 2 ನಿಮಿಷ 10 ಸೆಕೆಂಡು ಮುಂದಿತ್ತು.

ಅಡಚಣೆಯ ನಂತರದ ಇಮೇಲುಗಳಲ್ಲಿ ಒಂದು ತೊಡಕಿತ್ತು. ಗಾಳಿಗೆ ಮರದ ಕೊಂಬೆ ಬಿದ್ದು ಫೈಬರ್ ತಂತಿ ಕಡಿದಿದ್ದರಿಂದ ಬೆಳಿಗ್ಗೆ ಹನ್ನೊಂದರವರೆಗೆ ಇಂಟರ್ನೆಟ್ ಇರಲಿಲ್ಲ. ವರದಿಗಳು ಸರ್ವರಿನ ಸರದಿಯಲ್ಲೇ ಕಾಯುತ್ತಿದ್ದವು. 08:00ರ ವರದಿ ತಲುಪಿದ್ದು 11:06ಕ್ಕೆ. ಅದನ್ನು ಹಿಡಿದರೆ ಸರ್ವರ್ ಮೂರು ಗಂಟೆ ಹಿಂದಿದೆ ಎಂಬ ತಲೆಕೆಳಗಾದ ಉತ್ತರ ಬರುತ್ತದೆ. ಇಮೇಲ್ ಕಳುಹಿಸುವ ಪ್ರೋಗ್ರಾಂ ಆದ ಪೋಸ್ಟ್‌ಫಿಕ್ಸ್ ಪ್ರತಿ ಇಮೇಲ್ ಸರದಿಯಲ್ಲಿ ಎಷ್ಟು ಹೊತ್ತು ಕಾಯಿತೆಂಬುದನ್ನು ತನ್ನ ಲಾಗಿನಲ್ಲಿ ಬರೆಯುತ್ತದೆ. ಆ ವಿಳಂಬ ಒಂದೆರಡು ಸೆಕೆಂಡಿಗಿಂತ ಕಡಿಮೆಯಿರುವ ಮೊದಲ ವರದಿಯನ್ನು ಹುಡುಕಿ ತೆಗೆದೆವು. ಅದರಲ್ಲಿ ಕಳುಹಿಸಿದ ಸಮಯ 17:00:03, ಸ್ವೀಕರಿಸಿದ ಸಮಯ 11:32:50. ವ್ಯತ್ಯಾಸ 5 ಗಂಟೆ 27 ನಿಮಿಷ 13 ಸೆಕೆಂಡು. ದುಂಡಗಿನ ಐದೂವರೆಗೆ 2 ನಿಮಿಷ 47 ಸೆಕೆಂಡು ಕಡಿಮೆ, ಅಂದರೆ ಆರ್‌ಟಿಸಿ ಮಾರ್ಚ್ ಕೊನೆಯಿಂದ ಅಷ್ಟು ಹಿಂದೆ ಜಾರಿತ್ತು. ಚಿತ್ರ ತೆಗೆದಿಟ್ಟ ಪರದೆಯಲ್ಲಿ ಆರ್‌ಟಿಸಿ ಮೂರು ನಿಮಿಷ ಹಿಂದಿದ್ದದ್ದೂ ಇದಕ್ಕೆ ಹೊಂದುತ್ತದೆ.

ಈ ವ್ಯತ್ಯಾಸ ಅಳೆದದ್ದು ಹನ್ನೊಂದೂವರೆಗೆ. ರಾತ್ರಿ ಎರಡಕ್ಕೂ ಅದೇ ಇತ್ತೆಂದು ಹೇಳುವುದು ಹೇಗೆ? ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಜರ್ನಲ್ ಇಲ್ಲಿ ನೆರವಾಯಿತು. ಹಳೆಯ ನಮೂನೆಯ ಪಠ್ಯರೂಪದ ಸಿಸ್‌ಲಾಗ್ ಕೇವಲ ತಿಂಗಳು, ದಿನ, ಗಂಟೆಗಳನ್ನು ಬರೆದು ಬಿಡುತ್ತದೆ. ವರ್ಷವೂ ಇಲ್ಲ, ವಲಯವೂ ಇಲ್ಲ. ಜರ್ನಲ್ ಪ್ರತಿ ನಮೂದಿಗೂ ಎರಡು ಸಮಯಗಳನ್ನು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಇಡುತ್ತದೆ: 1970ರ ಜನವರಿ 1ರಿಂದ ಎಣಿಸಿದ ನೈಜ ಸಮಯ ಒಂದು, ಯಂತ್ರ ಚಾಲೂ ಆದಲ್ಲಿಂದ ಎಣಿಸಿದ ಏಕಮುಖ ಸಮಯ ಇನ್ನೊಂದು. ಮೊದಲನೆಯದನ್ನು ಯಾರು ಬೇಕಾದರೂ ಹಿಂದೆಮುಂದೆ ತಿರುಗಿಸಬಹುದು. ಎರಡನೆಯದು ಮುಂದಕ್ಕೆ ಮಾತ್ರ ಹೋಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಬರುವ ಅಂಕಿ, ಗಡಿಯಾರವನ್ನು ಯಾರೂ ತಿರುಗಿಸದಿದ್ದರೆ ಒಂದೇ ಇರಬೇಕು. ರಾತ್ರಿಯ ಮರುಚಾಲನೆಯಿಂದ ಮಧ್ಯಾಹ್ನದ ಹತ್ತಿರದವರೆಗೆ ಅದು ಒಂದೇ ಇತ್ತು. 11:50ರ ಹೊತ್ತಿಗೆ ಒಮ್ಮೆಲೇ ಸುಮಾರು ಐದೂವರೆ ಗಂಟೆ ಹಿಂದೆ ಜಿಗಿಯಿತು. ಕಚೇರಿಯ ಒಬ್ಬರು ಮತ್ತೆ ಡೇಟ್ ಆದೇಶ ಕೊಟ್ಟ ಕ್ಷಣ ಅದು. ಮಾರ್ಚಿನ ನಮೂದುಗಳಲ್ಲಿಯೂ ಅದೇ ಜಿಗಿತದ ಗುರುತಿತ್ತು.

ಮುಂದಿನದು ಕೂಡಿಸಿ ಕಳೆಯುವ ಕೆಲಸ. ಮರುಚಾಲನೆಯ ಮೊದಲ ನಮೂದಿಗೂ 11:32:50ಕ್ಕೆ ಹೋದ ಇಮೇಲಿಗೂ ನಡುವೆ ಏಕಮುಖ ಗಡಿಯಾರದಂತೆ 34,573 ಸೆಕೆಂಡು, ಅಂದರೆ 9 ಗಂಟೆ 36 ನಿಮಿಷ 13 ಸೆಕೆಂಡು ಕಳೆದಿತ್ತು. ಸರ್ವರ್ ಎದ್ದದ್ದು 01:56:37ಕ್ಕೆ. ಆರುವ ಮುಂಚಿನ ಕೊನೆಯ ಸಾಲು, ಎರಡು ನಿಮಿಷ ಹತ್ತು ಸೆಕೆಂಡು ಕಳೆದರೆ, 01:47:30. ಸರ್ವರ್ ಇಲ್ಲದೆ ಇದ್ದದ್ದು 9 ನಿಮಿಷ 7 ಸೆಕೆಂಡು.

ಯುಪಿಎಸ್ ಬರೆದಿಟ್ಟ ಸಾಲು

ಈ ಲೆಕ್ಕವನ್ನು ತಪಾಸಣೆಯವರು ಕೇಳಿಸಿಕೊಂಡರು, ತಪ್ಪು ಹುಡುಕಲಿಲ್ಲ, ಆದರೆ ಒಪ್ಪಲೂ ಇಲ್ಲ. ಗಣಿತ ಎಷ್ಟೇ ಸರಿಯಿದ್ದರೂ ಅದು ನಮ್ಮ ಗಣಿತ. ಅವರನ್ನು ತಿರುಗಿಸಿದ್ದು ಯುಪಿಎಸ್ ಬರೆದ ಒಂದು ಸಣ್ಣ ನಮೂದು.

ಜನರೇಟರಿನಿಂದ ಸಾರ್ವಜನಿಕ ವಿದ್ಯುತ್ತಿಗೆ ಬದಲಾಯಿಸುವಾಗ ಕೆಲವು ಸೆಕೆಂಡು ಎರಡೂ ಇರುವುದಿಲ್ಲ. ಆ ಸೆಕೆಂಡುಗಳಲ್ಲಿ ಯುಪಿಎಸ್ ಬ್ಯಾಟರಿಗೆ ಹೋಗಿ ವಾಪಸು ಬರುತ್ತದೆ, ಅದನ್ನು ಲಾಗಿಗೆ ಬರೆಯುತ್ತದೆ. ಸಿಸ್‌ಲಾಗಿನಲ್ಲಿ 12:42:31ಕ್ಕೆ ಅಂಥದ್ದೊಂದು ನಮೂದು ಇತ್ತು: ಬ್ಯಾಟರಿಯ ಮೇಲೆ, ಎಂಟು ಸೆಕೆಂಡಿನ ನಂತರ ಮತ್ತೆ ಲೈನಿನ ಮೇಲೆ. ಅಳೆದ ವ್ಯತ್ಯಾಸವನ್ನು ಕಳೆದರೆ ಅದು 07:15:18. ಕರೆಂಟು 7:15ಕ್ಕೆ ಬಂತೆಂದು ಪಕ್ಕದ ಮಂಜುಗಡ್ಡೆ ಕಾರ್ಖಾನೆಯ ರಿಜಿಸ್ಟರಿನಲ್ಲಿಯೂ ಬರೆದಿತ್ತು. ಅದನ್ನು ಬರೆದವರಿಗೆ ಈ ವಿವಾದದ ಸುಳಿವೂ ಇರಲಿಲ್ಲ. ಸರ್ವರ್ ಕರೆಂಟು ಬಂದ ಮೇಲೆ ಎದ್ದಿದ್ದರೆ, ಕರೆಂಟು ಬರುವ ಕ್ಷಣದ ಬದಲಾವಣೆಯನ್ನು ಬರೆಯಲು ಅದು ಅಲ್ಲಿ ಇರುತ್ತಲೇ ಇರಲಿಲ್ಲ. 12:42 ಎಂಬುದನ್ನು ಅಕ್ಷರಶಃ ನಂಬುವುದಾದರೆ ಆ ದಿನ ಊಟದ ಹೊತ್ತಿಗೆ ಮುಂಚೆ ಘಟಕದಲ್ಲಿ ಕರೆಂಟು ಮಿನುಗಿರಬೇಕು. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಆರುವ ಮುಂಚಿನ ನಮೂದನ್ನೂ ತಿದ್ದಿ ನೋಡಿದೆವು: ಯುಪಿಎಸ್ ಮೊದಲ ಬಾರಿ ಬ್ಯಾಟರಿಗೆ ಹೋದದ್ದು 01:47:05, ತಿದ್ದಿದರೆ 01:44:55. ಆಪರೇಟರ್ ಬರೆದದ್ದು 1:45.

ಈ ನಮೂದು ಅಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದಕ್ಕೆ ಕಾರಣ ವಿಚಿತ್ರವಾಗಿದೆ. ಮಧ್ಯಾಹ್ನ ಗಡಿಯಾರ ಹಿಂದಕ್ಕೆ ಜಿಗಿದದ್ದರಿಂದ 11:50ರಿಂದ 17:17ರವರೆಗಿನ ಸಮಯ ಕಡತದಲ್ಲಿ ಎರಡು ಬಾರಿ ಬಂದಿತ್ತು. ಲಾಗನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಸಮಯದ ಪ್ರಕಾರ ವಿಂಗಡಿಸಿದಾಗ ಬೆಳಗಿನ ಸಾಲುಗಳೂ ಮಧ್ಯಾಹ್ನದ ಸಾಲುಗಳೂ ಎಲೆ ಕಲಸಿದ ಇಸ್ಪೀಟಿನ ಹಾಗೆ ಒಂದರೊಳಗೊಂದು ಸೇರಿಕೊಂಡವು. ಕಡತದಲ್ಲಿ ಸಾಲುಗಳು ಬಿದ್ದ ಕ್ರಮ ಸಮಯದ ಅಂಕಣಕ್ಕಿಂತ ಹೆಚ್ಚು ವಿಶ್ವಾಸಾರ್ಹ; ಗಡಿಯಾರದ ಮೇಲೆ ಅನುಮಾನವಿರುವಾಗ ಲಾಗನ್ನು ಸಮಯದಂತೆ ವಿಂಗಡಿಸುವುದೆಂದರೆ ಆ ಕ್ರಮವನ್ನೇ ಕಳೆದುಕೊಳ್ಳುವುದು.

ಸರಕು ಬಿಡುಗಡೆಯಾಯಿತು. ತಪಾಸಣೆಯ ಟಿಪ್ಪಣಿಯನ್ನು ಅವರು ಹಿಂತೆಗೆದುಕೊಳ್ಳಲಿಲ್ಲ; ಅಡಚಣೆ ಸುಮಾರು ಹತ್ತು ನಿಮಿಷ, ದಾಖಲೆ ವ್ಯವಸ್ಥೆಯ ಗಡಿಯಾರ ದೋಷಪೂರಿತ ಎಂದು ತಿದ್ದಿ ಬರೆದರು. ಎರಡನೆಯ ಭಾಗ ಘಟಕಕ್ಕೆ ಮುಜುಗರದ್ದೇ, ಆದರೆ ನ್ಯಾಯವಾದದ್ದು. ಆಪರೇಟರರ ಮೇಲಿನ ಆರೋಪವನ್ನು ಯಜಮಾನರು ಎಲ್ಲರೆದುರು ಹಿಂತೆಗೆದುಕೊಂಡರು.

ದುರಸ್ತಿ ಮತ್ತು ಅದರ ಅಡ್ಡಪರಿಣಾಮಗಳು

ಫೈರ್‌ವಾಲಿನಲ್ಲಿ ಯುಡಿಪಿ 123ಕ್ಕೆ ದಾರಿ ಬಿಟ್ಟು, ಕ್ರೋನಿಗೆ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮತ್ತು ಎನ್‌ಐಸಿಯ (ರಾಷ್ಟ್ರೀಯ ಮಾಹಿತಿ ಕೇಂದ್ರದ) ಸಮಯ ಸರ್ವರುಗಳನ್ನು ಕೊಡಲಾಯಿತು. ಭಾರತೀಯ ಪ್ರಮಾಣ ಸಮಯವನ್ನು ಕಾಯುವುದು ದೆಹಲಿಯ ಆ ಪ್ರಯೋಗಾಲಯವೇ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಕೂಡ ಗಡಿಯಾರಗಳನ್ನು ಈ ಮೂಲಗಳಿಗೆ ಹೊಂದಿಸಿಡಬೇಕೆಂದೂ ಲಾಗುಗಳನ್ನು 180 ದಿನ ಉಳಿಸಬೇಕೆಂದೂ ಹೇಳುತ್ತದೆ. ಗಡಿಯಾರವನ್ನು ತಿದ್ದುವ ಮುಂಚೆ ಉಷ್ಣತೆ ಓದುವ ಕಂಟೇನರನ್ನು ನಿಲ್ಲಿಸಿ, ತಿದ್ದುವ ಮುಂಚಿನ ಹಾಗೂ ನಂತರದ ಸಮಯವನ್ನು ಲಾಗಿನಲ್ಲೇ ಒಂದೊಂದು ಸಾಲಾಗಿ ಬರೆಸಲಾಯಿತು. ಆಮೇಲೆ ಆರ್‌ಟಿಸಿಗೆ ಯುಟಿಸಿ ಬರೆದು, ಜಾಲದ ತಂತಿ ಕಿತ್ತು, ಸರ್ವರನ್ನು ಪೂರ್ತಿ ಆರಿಸಿ ಹಚ್ಚಿ ನೋಡಿದೆವು. ಈಗ ಬಯೋಸ್ ಪರದೆಯಲ್ಲಿ ಸಮಯ ಐದೂವರೆ ಗಂಟೆ ಹಿಂದೆ ಕಾಣುತ್ತದೆ. ಮುಂದೆ ಬರುವ ತಂತ್ರಜ್ಞರು ಅದನ್ನು ‘ಸರಿ’ ಮಾಡದಿರಲೆಂದು ಕ್ಯಾಬಿನೆಟ್ಟಿನ ಒಳಬದಿಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಲಾಗಿದೆ.

ಸಿಸ್‌ಲಾಗ್ ಬರೆಯುವ ಪ್ರೋಗ್ರಾಂ ಆದ ಆರ್‌ಸಿಸ್‌ಲಾಗಿನ ಹಳೆಯ ಸಾಂಪ್ರದಾಯಿಕ ನಮೂನೆಯನ್ನು ಬಿಟ್ಟು, ವರ್ಷ ಮತ್ತು ‘+05:30’ ಎಂಬ ವಲಯಸೂಚಿ ಇರುವ ನಮೂನೆಗೆ ಬದಲಾಯಿಸಿದೆವು. ಕಂಟೇನರಿನ ಪ್ರೋಗ್ರಾಂಗೂ ಅದನ್ನೇ ಕಲಿಸಿದೆವು. ಇದರಿಂದ ಎರಡು ಕಡೆ ಪೆಟ್ಟಾಯಿತು. ಸಾಲಿನ ಮೂರನೆಯ ಪದವನ್ನು ಸಮಯವೆಂದು ಓದುತ್ತಿದ್ದ ಎಚ್ಚರಿಕೆಯ ಸ್ಕ್ರಿಪ್ಟ್ ಮೌನವಾಯಿತು, ಮತ್ತು ಸಹಾಯಕಿಯ ಸ್ಪ್ರೆಡ್‌ಶೀಟ್ ಸರಿಯಾದ ಸಮಯಕ್ಕೆ ಮತ್ತೆ ಐದೂವರೆ ಗಂಟೆ ಕೂಡಿಸತೊಡಗಿತು. ಸ್ಕ್ರಿಪ್ಟಿನ ವಿಷಯ ತಿಳಿದದ್ದು ಬರಬೇಕಾದ ಎಚ್ಚರಿಕೆ ಬಾರದೆ ಹೋದಾಗ. ಲಾಗಿನ ನಮೂನೆ ಬದಲಿಸುವ ಮುಂಚೆ ಅದನ್ನು ಓದುವವರು ಯಾರು, ಓದುವ ಪ್ರೋಗ್ರಾಂ ಯಾವುದು ಎಂದು ಕೇಳಿ ಪಟ್ಟಿ ಮಾಡುವುದು ಒಳ್ಳೆಯದು.

ಗಡಿಯಾರ ಹೊಂದಿಕೊಳ್ಳುವ ತನಕ ಉಷ್ಣತೆಯ ದಾಖಲೆಯನ್ನೇ ಆರಂಭಿಸಬಾರದೆಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ಇಂಟರ್ನೆಟ್ ಇಲ್ಲದ ರಾತ್ರಿಗಳಲ್ಲೇ ಶೀತಲಗೃಹದ ದಾಖಲೆ ಹೆಚ್ಚು ಬೇಕಾಗುವುದು. ಬದಲಿಗೆ ಪ್ರತಿ ಸಾಲಿಗೂ ಗಡಿಯಾರ ಹೊಂದಿಕೊಂಡಿದೆಯೇ ಇಲ್ಲವೇ ಎಂಬ ಗುರುತನ್ನೂ, ಯಂತ್ರ ಚಾಲೂ ಆದಲ್ಲಿಂದ ಕಳೆದ ಸೆಕೆಂಡುಗಳನ್ನೂ ಸೇರಿಸಿದೆವು. ಸಮಯ ತಪ್ಪಿದ್ದರೂ ನಂತರ ತಿದ್ದಿಕೊಳ್ಳಲು ಅಷ್ಟು ಸಾಕು.

ಮಾರ್ಚ್ ಕೊನೆಯಿಂದ ದುರಸ್ತಿಯ ದಿನದವರೆಗಿನ ಲಾಗುಗಳ ಪ್ರಶ್ನೆ ಉಳಿಯಿತು. ಅವುಗಳಲ್ಲಿನ ಸಮಯಗಳನ್ನು ಸ್ಕ್ರಿಪ್ಟ್ ಬರೆದು ತಿದ್ದಿಬಿಡೋಣವೆಂಬುದು ಯಜಮಾನರ ಮಗನ ಅಪೇಕ್ಷೆಯಾಗಿತ್ತು. ಮೂಲ ಕಡತಗಳನ್ನು ಮುಟ್ಟದೆ, ಉಳಿದಿದ್ದ ಇಮೇಲುಗಳಿಂದ ದಿನಕ್ಕೊಂದರಂತೆ ವ್ಯತ್ಯಾಸ ತೆಗೆದು ಒಂದು ತಿದ್ದುಪಟ್ಟಿ ಮಾಡಿ, ಮೊತ್ತಗಳ ಪ್ರತಿಯೊಂದಿಗೆ ಅದೇ ಕಡತಕೋಶದಲ್ಲಿ ಇಡುವುದೆಂದು ಕೊನೆಗೆ ತೀರ್ಮಾನವಾಯಿತು. ಇಮೇಲ್ ಸಿಗದ ದಿನಗಳ ಮುಂದೆ ಪಟ್ಟಿಯಲ್ಲಿ ಅಂಕಿ ಇಲ್ಲ, ‘ಅಳೆದಿಲ್ಲ’ ಎಂದಷ್ಟೇ ಇದೆ.